ಗೆಲಾಕ್ಸಿ ವಿಜ್ಞಾನಿಯ ಪ್ರಬಂಧಗಳಿಗೆ ಎಷ್ಟು ಉಲ್ಲೇಖ? ಆ ಅಂಕಿಗಳನ್ನು ಓದುವ ಬಗೆ

‘ನಮ್ಮ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ವಿಶ್ವದ ಅಗ್ರ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ’ ಎಂಬ ಸುದ್ದಿ ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಜತೆಗೆ ಕೆಲವು ಅಂಕಿಗಳೂ ಇರುತ್ತವೆ: ಇಷ್ಟು ಪ್ರಬಂಧ, ಇಷ್ಟು ಸಾವಿರ ಉಲ್ಲೇಖ, ಎಚ್-ಸೂಚ್ಯಂಕ ಇಷ್ಟು. ಓದುವವರಿಗೆ ಹೆಮ್ಮೆಯಾಗುತ್ತದೆ. ಆದರೆ ಎಚ್-ಸೂಚ್ಯಂಕ 40 ಎಂದರೆ ದೊಡ್ಡದೋ ಚಿಕ್ಕದೋ, ಸಾವಿರ ಉಲ್ಲೇಖ ಬಂದದ್ದು ಯಾವುದಕ್ಕೆ ಎಂಬುದನ್ನು ಸುದ್ದಿ ಹೇಳುವುದಿಲ್ಲ. ಮಗಳು ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಹುಡುಕುತ್ತಿರುವ ಮನೆಗಳಲ್ಲಿ ಈ ಪ್ರಶ್ನೆಗೆ ನಿಜವಾದ ತೂಕವಿದೆ.

ಗೆಲಾಕ್ಸಿಗಳ ಅಧ್ಯಯನವನ್ನು ಉದಾಹರಣೆಗೆ ತೆಗೆದುಕೊಂಡು ಇದನ್ನು ಬಿಡಿಸಿ ನೋಡೋಣ. ಇಬ್ಬರೇ ಬರೆದ ಪ್ರಬಂಧದಿಂದ ಮೂರು ಸಾವಿರ ಮಂದಿ ಬರೆದ ಪ್ರಬಂಧದವರೆಗೆ ಎಲ್ಲ ಗಾತ್ರದ ಕೆಲಸವೂ ಈ ಕ್ಷೇತ್ರದಲ್ಲಿದೆ. ಹಾಗಾಗಿ ಅಂಕಿಗಳ ಬಲವೂ ದೌರ್ಬಲ್ಯವೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

## ಒಂದು ಪ್ರಬಂಧ ಹುಟ್ಟುವ ದಾರಿ

ಕೆಲಸ ಶುರುವಾಗುವುದು ಅರ್ಜಿಯಿಂದ. ಯಾವ ಗೆಲಾಕ್ಸಿಯನ್ನು, ಯಾವ ಉಪಕರಣದಿಂದ, ಎಷ್ಟು ಗಂಟೆ, ಯಾಕೆ ನೋಡಬೇಕು ಎಂದು ಬರೆದು ದೂರದರ್ಶಕದ ಸಮಯ ಹಂಚುವ ಸಮಿತಿಗೆ ಕಳಿಸಬೇಕು. ದೊಡ್ಡ ದೂರದರ್ಶಕಗಳಲ್ಲಿ ಕೇಳಿದ ಒಟ್ಟು ಸಮಯ ಇರುವ ಸಮಯದ ಹಲವು ಪಟ್ಟು ಇರುತ್ತದೆ. ಹೆಚ್ಚಿನ ಅರ್ಜಿಗಳು ಬಿದ್ದುಹೋಗುತ್ತವೆ. ಸಮಯ ಸಿಕ್ಕಿ, ದತ್ತಾಂಶ ಬಂದ ಮೇಲೆ ಅದನ್ನು ಶುಚಿ ಮಾಡಬೇಕು. ಕ್ಯಾಮೆರಾದ ದೋಷ, ಆಕಾಶದ ಹಿನ್ನೆಲೆ ಬೆಳಕು, ಕಾಸ್ಮಿಕ್ ಕಿರಣಗಳ ಕಲೆ, ನಮ್ಮದೇ ಕ್ಷೀರಪಥದ ಧೂಳು ನುಂಗಿದ ಬೆಳಕು ಎಲ್ಲವನ್ನೂ ಲೆಕ್ಕ ಹಾಕಿ ಸರಿಪಡಿಸಬೇಕು. ವಿಶ್ಲೇಷಣೆ ಆ ನಂತರದ್ದು.

ಬರೆದ ಪ್ರಬಂಧ ಎರಡು ಕಡೆ ಹೋಗುತ್ತದೆ. ಒಂದು, ಆರ್ಕೈವ್ ಎಂಬ ಮುಕ್ತ ಭಂಡಾರ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಾಮೊಸ್‌ನಲ್ಲಿ ಇದನ್ನು ಶುರು ಮಾಡಿದರು; 1992ರಲ್ಲಿ ಖಭೌತ ವಿಭಾಗ ಸೇರಿತು; 2009ರಲ್ಲಿ ಆ ವಿಭಾಗ ಆರು ಕವಲಾಯಿತು, ಅದರಲ್ಲಿ ಗೆಲಾಕ್ಸಿಗಳದ್ದೂ ಒಂದು. ಇನ್ನೊಂದು, ಪರಿಶೀಲಕರು ಓದಿ ಒಪ್ಪಬೇಕಾದ ನಿಯತಕಾಲಿಕ. ಅಮೆರಿಕದ ಆಸ್ಟ್ರೊಫಿಸಿಕಲ್ ಜರ್ನಲ್, ಬ್ರಿಟನ್ನಿನ ಮಂತ್ಲಿ ನೋಟಿಸಸ್, ಯುರೋಪಿನ ಆಸ್ಟ್ರಾನಮಿ ಆ್ಯಂಡ್ ಆಸ್ಟ್ರೊಫಿಸಿಕ್ಸ್ ಇವು ಮುಖ್ಯವಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1980ರಿಂದ ಜರ್ನಲ್ ಆಫ್ ಆಸ್ಟ್ರೊಫಿಸಿಕ್ಸ್ ಆ್ಯಂಡ್ ಆಸ್ಟ್ರಾನಮಿಯನ್ನು ಹೊರತರುತ್ತಿದೆ. ‘ಉಲ್ಲೇಖ’ದ ಎಣಿಕೆ ಹೆಚ್ಚಾಗಿ ಆರ್ಕೈವ್‌ಗೆ ಬಂದ ದಿನದಿಂದಲೇ ಶುರುವಾಗುತ್ತದೆ, ಯಾಕೆಂದರೆ ಈ ಕ್ಷೇತ್ರದವರು ಬೆಳಗ್ಗೆ ಎದ್ದು ಮೊದಲು ಓದುವುದು ಅಲ್ಲಿನ ಪಟ್ಟಿಯನ್ನೇ.

ಆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಬೆಲೆಯಿದೆ. ದಿನದ ಗಡುವು ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆ, ಅಂದರೆ ನಮ್ಮಲ್ಲಿ ಅಲ್ಲಿನ ಬೇಸಿಗೆಯಲ್ಲಿ ರಾತ್ರಿ 11.30, ಚಳಿಗಾಲದಲ್ಲಿ 12.30. ಗಡುವು ಮುಗಿದ ಕೂಡಲೇ ಸಲ್ಲಿಸಿದ್ದು ಮುಂದಿನ ಪಟ್ಟಿಯ ತಲೆಯಲ್ಲಿ ಕೂರುತ್ತದೆ. ಪಟ್ಟಿಯ ಮೇಲ್ತುದಿಯ ಪ್ರಬಂಧಗಳಿಗೆ ಉಲ್ಲೇಖ ಹೆಚ್ಚು ಎಂದು 2008–09ರ ಸುಮಾರಿಗೆ ನಡೆದ ಅಧ್ಯಯನಗಳು ತೋರಿಸಿದವು. ಕಣ್ಣಿಗೆ ಬೀಳುವುದು ಒಂದು ಕಾರಣ. ತಮ್ಮ ಫಲಿತಾಂಶ ದೊಡ್ಡದೆಂದು ನಂಬಿದವರೇ ಆ ಗಳಿಗೆಗೆ ಕಾದು ಸಲ್ಲಿಸುತ್ತಾರೆ ಎಂಬುದು ಇನ್ನೊಂದು.

## ಉಲ್ಲೇಖ ಅಂದರೆ ಏನು

ಹೊಸ ಪ್ರಬಂಧವೊಂದು ಹಳೆಯದನ್ನು ಹೆಸರಿಸಿ ತನ್ನ ಆಕರಗಳ ಪಟ್ಟಿಗೆ ಸೇರಿಸಿದರೆ ಹಳೆಯದಕ್ಕೆ ಒಂದು ಉಲ್ಲೇಖ. ಹೆಸರಿಸುವ ಕಾರಣಗಳು ಮಾತ್ರ ಬೇರೆ ಬೇರೆ. ‘ಇವರ ದತ್ತಾಂಶ ಬಳಸಿದೆವು’, ‘ಇವರ ತಂತ್ರಾಂಶ ಬಳಸಿದೆವು’, ‘ಇವರ ಸೂತ್ರದಿಂದ ಲೆಕ್ಕ ಹಾಕಿದೆವು’, ‘ಇದೇ ವಿಷಯವನ್ನು ಇವರೂ ನೋಡಿದ್ದಾರೆ’, ‘ಇವರ ತೀರ್ಮಾನ ನಮ್ಮದಕ್ಕೆ ಹೊಂದುವುದಿಲ್ಲ’. ಐದಕ್ಕೂ ಎಣಿಕೆಯಲ್ಲಿ ಸಿಗುವುದು ತಲಾ ಒಂದೇ ಅಂಕ. ಉಲ್ಲೇಖದ ಸಂಖ್ಯೆಯಿಂದ ತಿಳಿಯುವುದು ‘ಈ ಕೆಲಸ ಎಷ್ಟು ಕಡೆ ಬಳಕೆಗೆ, ಚರ್ಚೆಗೆ ಬಂತು’ ಎಂಬುದಷ್ಟೆ.

## ಎಚ್-ಸೂಚ್ಯಂಕದ ಲೆಕ್ಕ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಶಾಖೆಯ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಇದು. ಒಬ್ಬರ ಪ್ರಬಂಧಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಿ. ಎಷ್ಟನೆಯ ಪ್ರಬಂಧವೋ ಕನಿಷ್ಠ ಅಷ್ಟು ಉಲ್ಲೇಖ ಇರುವ ಕೊನೆಯ ಸ್ಥಾನವೇ ಎಚ್-ಸೂಚ್ಯಂಕ. ಉದಾಹರಣೆಗೆ ಹತ್ತು ಪ್ರಬಂಧಗಳಿಗೆ ಕ್ರಮವಾಗಿ 120, 64, 41, 22, 15, 9, 7, 6, 3, 0 ಉಲ್ಲೇಖಗಳಿವೆ ಎನ್ನೋಣ. ಏಳನೆಯದಕ್ಕೆ 7 ಇದೆ, ಸರಿಹೋಯಿತು. ಎಂಟನೆಯದಕ್ಕೆ 8 ಬೇಕಿತ್ತು, ಇರುವುದು 6. ಆದ್ದರಿಂದ ಎಚ್-ಸೂಚ್ಯಂಕ 7. ಒಟ್ಟು ಉಲ್ಲೇಖ 287.

ಈಗ ಮೊದಲ ಪ್ರಬಂಧಕ್ಕೆ 120ರ ಬದಲು 1,200 ಉಲ್ಲೇಖ ಬಂತು ಎಂದುಕೊಳ್ಳಿ. ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಕೆಲಸ ಅದಾಗಿರಬಹುದು. ಆದರೂ ಎಚ್-ಸೂಚ್ಯಂಕ ಏಳರಿಂದ ಅಲುಗುವುದಿಲ್ಲ. ಒಂದೇ ಒಂದು ದೊಡ್ಡ ಪ್ರಬಂಧದಿಂದ ಏರಬಾರದು, ಯಾರೂ ಓದದ ನೂರು ಸಣ್ಣ ಪ್ರಬಂಧಗಳಿಂದಲೂ ಏರಬಾರದು ಎಂಬಂತೆ ಕಟ್ಟಿದ ಅಳತೆ ಇದು. ಅದರ ಅನುಕೂಲವೂ ಮಿತಿಯೂ ಇದೇ.

ಎಚ್-ಸೂಚ್ಯಂಕ ಎಂದೂ ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದವರದ್ದೂ ಏರುತ್ತಿರುತ್ತದೆ. ಹಾಗಾಗಿ ವಯಸ್ಸು ನೋಡದೆ ಹೋಲಿಸಿದರೆ ಅರ್ಥವಿಲ್ಲ. ಮೊದಲ ಪ್ರಬಂಧದಿಂದ ಕಳೆದ ವರ್ಷಗಳಿಂದ ಅದನ್ನು ಭಾಗಿಸಿ ನೋಡಬೇಕೆಂದು ಹಿರ್ಷ್ ಅದೇ ಪ್ರಬಂಧದಲ್ಲಿ ಹೇಳಿದ್ದರು. ಭೌತವಿಜ್ಞಾನದಲ್ಲಿ 20 ವರ್ಷದ ದುಡಿಮೆಯ ನಂತರ 20 ಇದ್ದರೆ ಯಶಸ್ವಿ, 40 ಇದ್ದರೆ ಅಸಾಧಾರಣ ಎಂಬುದು ಅವರ ಅಂದಾಜು. ಆ ಅಂದಾಜು ಇಂದಿನ ಗೆಲಾಕ್ಸಿ ಅಧ್ಯಯನಕ್ಕೆ ಹಾಗೇ ಹೊಂದುವುದಿಲ್ಲ, ಏಕೆಂದರೆ ದೊಡ್ಡ ಸಮೀಕ್ಷೆಗಳಲ್ಲಿ ಇರುವವರ ಹೆಸರು ವರ್ಷಕ್ಕೆ ಹತ್ತಾರು ಪ್ರಬಂಧಗಳಲ್ಲಿ ಸೇರುತ್ತದೆ. ತಮ್ಮ ಅಳತೆಯ ದುಷ್ಪರಿಣಾಮಗಳ ಬಗ್ಗೆ 2020ರಲ್ಲಿ ಹಿರ್ಷ್ ಅವರೇ ಬರೆದರು.

## ಹೆಚ್ಚು ಉಲ್ಲೇಖ ಯಾವುದಕ್ಕೆ ಬರುತ್ತದೆ

ಮಹಾನ್ ಆವಿಷ್ಕಾರಗಳಿಗೆ ಎಂದು ಯಾರಾದರೂ ಊಹಿಸುತ್ತಾರೆ. ಪಟ್ಟಿ ತೆರೆದರೆ ಮೇಲ್ಭಾಗದಲ್ಲಿ ಕಾಣುವುದು ಹೆಚ್ಚಾಗಿ ಉಪಕರಣದಂತೆ ಬಳಕೆಯಾಗುವ ಪ್ರಬಂಧಗಳು.

ಡೇವಿಡ್ ಷ್ಲೆಗೆಲ್, ಡಗ್ಲಸ್ ಫಿಂಕ್‌ಬೈನರ್, ಮಾರ್ಕ್ ಡೇವಿಸ್ 1998ರಲ್ಲಿ ಪ್ರಕಟಿಸಿದ ಧೂಳಿನ ನಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ದೂರದ ಗೆಲಾಕ್ಸಿಯ ಬೆಳಕು ನಮಗೆ ತಲುಪುವ ಮುನ್ನ ಕ್ಷೀರಪಥದ ಧೂಳನ್ನು ಹಾಯ್ದು ಬರಬೇಕು. ಧೂಳು ನೀಲಿ ಬೆಳಕನ್ನು ಹೆಚ್ಚು, ಕೆಂಪನ್ನು ಕಡಿಮೆ ತಡೆಯುವುದರಿಂದ ಗೆಲಾಕ್ಸಿ ಇರುವುದಕ್ಕಿಂತ ಮಂಕಾಗಿ, ಕೆಂಪಾಗಿ ಕಾಣುತ್ತದೆ. ಆಕಾಶದ ಯಾವ ದಿಕ್ಕಿನಲ್ಲಿ ಎಷ್ಟು ತಿದ್ದಬೇಕು? ಐರಾಸ್ ಮತ್ತು ಕೋಬಿ ಉಪಗ್ರಹಗಳು ಅವಕೆಂಪು ಬೆಳಕಿನಲ್ಲಿ ಅಳೆದ ಧೂಳಿನ ಹೊಳಪನ್ನು ಬೆಸೆದು ಈ ಮೂವರು ಇಡೀ ಆಕಾಶಕ್ಕೆ ಒಂದು ನಕ್ಷೆ ಮಾಡಿಕೊಟ್ಟರು. ಅಂದಿನಿಂದ ಗೆಲಾಕ್ಸಿಯ ಹೊಳಪನ್ನು ಅಳೆಯುವ ಹೆಚ್ಚುಕಡಿಮೆ ಎಲ್ಲರಿಗೂ ಅದು ಬೇಕು. ಉಲ್ಲೇಖಗಳು ಹತ್ತು ಸಾವಿರ ದಾಟಿವೆ. 2011ರಲ್ಲಿ ಎಡ್ವರ್ಡ್ ಷ್ಲಾಫ್ಲಿ ಮತ್ತು ಫಿಂಕ್‌ಬೈನರ್ ನಕ್ಷತ್ರಗಳ ಬಣ್ಣದಿಂದ ಪರೀಕ್ಷಿಸಿ, ಹಳೆಯ ನಕ್ಷೆ ಕೆಂಪಾಗುವಿಕೆಯನ್ನು ಸುಮಾರು ಶೇ 14ರಷ್ಟು ಹೆಚ್ಚು ಹೇಳುತ್ತಿದೆ ಎಂದು ತೋರಿಸಿದರು. ಈಗ ಅನೇಕರು ಹಳೆಯ ನಕ್ಷೆಯನ್ನು 0.86ರಿಂದ ಗುಣಿಸಿ ಬಳಸುತ್ತಾರೆ, ಎರಡೂ ಪ್ರಬಂಧಗಳನ್ನು ಹೆಸರಿಸುತ್ತಾರೆ. ತಿದ್ದುಪಡಿ ಬಂದ ಮೇಲೂ ಮೂಲದ ಎಣಿಕೆ ಏರುತ್ತಲೇ ಇದೆ.

ಇದೇ ಜಾತಿಯ ಇನ್ನೂ ಕೆಲವಿವೆ. ಚಿತ್ರದಲ್ಲಿರುವ ಸಾವಿರಾರು ಚುಕ್ಕೆಗಳಲ್ಲಿ ಯಾವುದು ನಕ್ಷತ್ರ, ಯಾವುದು ಗೆಲಾಕ್ಸಿ ಎಂದು ಬೇರ್ಪಡಿಸುವ ಸೆಕ್ಸ್‌ಟ್ರ್ಯಾಕ್ಟರ್ ತಂತ್ರಾಂಶದ 1996ರ ಪ್ರಬಂಧ. ನಕ್ಷತ್ರಗಳ ವಯಸ್ಸಿನಿಂದ ಗೆಲಾಕ್ಸಿಯ ಬಣ್ಣ ಹೇಗಿರಬೇಕೆಂದು ಲೆಕ್ಕ ಹಾಕಿಕೊಡುವ ಬ್ರುಸುವಾಲ್–ಷಾರ್ಲೊ ಮಾದರಿ, 2003. ಗೆಲಾಕ್ಸಿಯೊಂದರಲ್ಲಿ ವರ್ಷಕ್ಕೆ ಎಷ್ಟು ಸೂರ್ಯರಷ್ಟು ದ್ರವ್ಯ ನಕ್ಷತ್ರವಾಗುತ್ತಿದೆ ಎಂಬುದನ್ನು ಹೈಡ್ರೋಜನ್ನಿನ ಕೆಂಪು ಬೆಳಕಿನಿಂದ ತಿಳಿಯುವ ಗುಣಾಂಕ ಕೊಟ್ಟ ರಾಬರ್ಟ್ ಕೆನಿಕಟ್ ಅವರ 1998ರ ವಿಮರ್ಶಾ ಲೇಖನ. ವಿಮರ್ಶಾ ಲೇಖನ ಎಂದರೆ ಅದುವರೆಗಿನ ಕೆಲಸವನ್ನೆಲ್ಲ ಒಟ್ಟಿಗೆ ತಂದು ತೂಗಿ ಬರೆದದ್ದು. ಮೂಲದ ಹತ್ತು ಪ್ರಬಂಧಗಳನ್ನು ಹೆಸರಿಸುವ ಬದಲು ಬರೆಯುವವರು ಅದೊಂದನ್ನೇ ಹೆಸರಿಸಿ ಮುಂದೆ ಹೋಗುತ್ತಾರೆ. ಹೀಗೆ ಮೂಲದವರಿಗೆ ಸಲ್ಲಬೇಕಾದ ಎಣಿಕೆಯ ಒಂದಂಶ ವಿಮರ್ಶೆಗೆ ಹರಿಯುತ್ತದೆ.

ಹಾಗೆಂದು ಉಪಕರಣ ಪ್ರಬಂಧಗಳು ಕಡಿಮೆ ದರ್ಜೆಯವಲ್ಲ. ಧೂಳಿನ ನಕ್ಷೆ ಇಲ್ಲದಿದ್ದರೆ ಎಷ್ಟೋ ಆವಿಷ್ಕಾರಗಳ ಅಂಕಿಗಳೇ ತಪ್ಪಾಗುತ್ತಿದ್ದವು. ಆದರೆ ಒಬ್ಬರಿಗೆ ಎಂಟು ಸಾವಿರ ಉಲ್ಲೇಖಗಳಿದ್ದು ಅದರಲ್ಲಿ ಏಳು ಸಾವಿರ ಒಂದೇ ತಂತ್ರಾಂಶದಿಂದ ಬಂದಿದ್ದರೆ, ಅದನ್ನು ತಿಳಿದು ಓದಬೇಕು.

## ಲೇಖಕರು ನೂರಾದಾಗ, ಸಾವಿರವಾದಾಗ

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2.5 ಮೀಟರ್ ದೂರದರ್ಶಕವೊಂದು 2000ದಿಂದ ಸ್ಲೋನ್ ಡಿಜಿಟಲ್ ಆಕಾಶ ಸಮೀಕ್ಷೆ ನಡೆಸುತ್ತಿದೆ. ಅದರ ತಾಂತ್ರಿಕ ಪರಿಚಯದ ಪ್ರಬಂಧಕ್ಕೆ ನೂರಕ್ಕೂ ಹೆಚ್ಚು ಲೇಖಕರು. 2017ರ ಆಗಸ್ಟ್ 17ರಂದು ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿಯಾದದ್ದನ್ನು ಗುರುತ್ವದ ಅಲೆಗಳಲ್ಲೂ ಬೆಳಕಿನಲ್ಲೂ ಕಂಡ ಜಂಟಿ ಪ್ರಬಂಧಕ್ಕೆ 3,500ಕ್ಕೂ ಹೆಚ್ಚು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಮತ್ತು ಇಸ್ರೊದ ಆಸ್ಟ್ರೊಸ್ಯಾಟ್ ಉಪಗ್ರಹದ ತಂಡಗಳೂ ಅದರಲ್ಲಿವೆ.

ಇಂಥ ಪ್ರಬಂಧಕ್ಕೆ ಮೂರು ಸಾವಿರ ಉಲ್ಲೇಖ ಬಂದರೆ ಸಾಮಾನ್ಯ ಎಣಿಕೆಯಲ್ಲಿ ಪ್ರತಿ ಲೇಖಕರ ಖಾತೆಗೂ ಪೂರ್ತಿ ಮೂರು ಸಾವಿರ ಜಮೆಯಾಗುತ್ತದೆ. ಊರ ತೇರಿಗೆ ಹಗ್ಗ ಹಿಡಿದವರು ಸಾವಿರ ಮಂದಿ. ತೇರು ಹರಿದ ದೂರವನ್ನು ಒಬ್ಬೊಬ್ಬರ ಲೆಕ್ಕಕ್ಕೂ ಇಡಿಯಾಗಿ ಬರೆದಂತೆ ಇದು. ಯಾರು ಮಿಣಿಯ ಮುಂದಿದ್ದರು, ಯಾರು ಗಾಲಿಗೆ ಸನ್ನೆ ಕೊಟ್ಟರು ಎಂಬುದು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಭಾಗಿಸಿ ಹಂಚಿದರೆ ಒಬ್ಬರ ಪಾಲಿಗೆ ಒಂದು ಉಲ್ಲೇಖವೂ ಪೂರ್ತಿ ದಕ್ಕುವುದಿಲ್ಲ. ಹತ್ತು ವರ್ಷ ಶೋಧಕವನ್ನು ಕಟ್ಟಿದವರಿಗೆ ಇದೂ ಅನ್ಯಾಯವೇ.

ಹಾಗಾಗಿ ಲೇಖಕರ ಅನುಕ್ರಮ ನೋಡಬೇಕು. ಗೆಲಾಕ್ಸಿ ಅಧ್ಯಯನದಲ್ಲಿ ಮೊದಲ ಹೆಸರು ಹೆಚ್ಚಿನ ಕೆಲಸ ಮಾಡಿ ಪ್ರಬಂಧ ಬರೆದವರದ್ದು. ಎರಡನೆಯದು ಎಷ್ಟೋ ಸಲ ಅವರ ಮಾರ್ಗದರ್ಶಕರದ್ದು. ನಂತರ ಕೊಡುಗೆಯ ಕ್ರಮದಲ್ಲಿ ಕೆಲವರು, ಅದಾದ ಮೇಲೆ ಉಳಿದವರೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಜೀವವಿಜ್ಞಾನದಲ್ಲಿ ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದ್ದು. ಇಲ್ಲಿ ಕೊನೆಯ ಹೆಸರು ಝಡ್ ಅಕ್ಷರದಿಂದ ಶುರುವಾಗುವವರದ್ದಾಗಿರಬಹುದು, ಅಷ್ಟೆ.

ಅಗ್ರ ಶೇ 2ರ ಪಟ್ಟಿಯನ್ನು ಓದುವಾಗ ಇದು ನೇರವಾಗಿ ಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ಉಲ್ಲೇಖ ಭಂಡಾರದ ದತ್ತಾಂಶದಿಂದ ಅದನ್ನು ತಯಾರಿಸುತ್ತಾರೆ. ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ವಿಂಗಡಿಸಿ, ಆರು ಅಳತೆಗಳನ್ನು ಕೂಡಿಸಿ ಅಂಕ ಕೊಡುತ್ತಾರೆ: ಒಟ್ಟು ಉಲ್ಲೇಖ, ಎಚ್-ಸೂಚ್ಯಂಕ, ಸಹಲೇಖಕರ ಸಂಖ್ಯೆಗೆ ಸರಿಹೊಂದಿಸಿದ ಎಚ್-ಸೂಚ್ಯಂಕ, ಏಕೈಕ ಲೇಖಕರಾಗಿ ಬರೆದವುಗಳ ಉಲ್ಲೇಖ, ಏಕೈಕ ಅಥವಾ ಮೊದಲ ಲೇಖಕರಾದವುಗಳದ್ದು, ಏಕೈಕ, ಮೊದಲ ಅಥವಾ ಕೊನೆಯ ಲೇಖಕರಾದವುಗಳದ್ದು. ಬರೀ ಒಟ್ಟು ಎಣಿಕೆಗಿಂತ ಇದು ಎಷ್ಟೋ ಮೇಲು. ತೇರಿನ ಹಗ್ಗ ಬರೀ ಮುಟ್ಟಿದವರು ಇದರಲ್ಲಿ ಮೇಲೇರುವುದು ಕಷ್ಟ. ಆದರೆ ಕೊನೆಯ ಲೇಖಕರಿಗೆ ಕೊಟ್ಟ ತೂಕ ಗೆಲಾಕ್ಸಿ ಅಧ್ಯಯನದ ರೂಢಿಗೆ ಹೊಂದುವುದಿಲ್ಲ. ಪಟ್ಟಿ ಎರಡು ಬಗೆಯದ್ದಿದೆ ಎಂಬುದನ್ನೂ ಗಮನಿಸಿ: ಇಡೀ ವೃತ್ತಿಜೀವನದ್ದೊಂದು, ಒಂದೇ ವರ್ಷದ್ದೊಂದು. ಸುದ್ದಿಯಲ್ಲಿ ಯಾವುದೆಂದು ಹೇಳಿರುವುದೇ ಅಪರೂಪ.

## ತಪ್ಪಾದ ಫಲಿತಾಂಶಕ್ಕೂ ಉಲ್ಲೇಖ ಬರುತ್ತದೆ

ಜೇಮ್ಸ್ ವೆಬ್ ದೂರದರ್ಶಕದ ಮೊದಲ ದತ್ತಾಂಶ 2022ರ ಜುಲೈಯಲ್ಲಿ ಎಲ್ಲರಿಗೂ ತೆರೆದ ಕೂಡಲೇ ಆರ್ಕೈವ್‌ಗೆ ಪ್ರಬಂಧಗಳ ಹೊಳೆ ಹರಿಯಿತು. ಸೀರ್ಸ್ ಎಂಬ ಸಮೀಕ್ಷೆಯ ದತ್ತಾಂಶ ಯಾರಿಗೂ ಕಾಯ್ದಿರಿಸಿದ್ದಲ್ಲ. ಮೊದಲು ಬರೆದವರು ಮೊದಲಿಗರು. ಅದರಲ್ಲಿ ಸಿಕ್ಕ ಸೀರ್ಸ್-93316 ಎಂಬ ಚುಕ್ಕೆ ಮಹಾಸ್ಫೋಟದ ನಂತರ ಸುಮಾರು 25 ಕೋಟಿ ವರ್ಷಕ್ಕೇ ಇದ್ದ ಗೆಲಾಕ್ಸಿಯಂತೆ, ಅಂದರೆ ಕೆಂಪು ಪಲ್ಲಟ 16ಕ್ಕೂ ಮಿಗಿಲಾದಂತೆ ಕಂಡಿತು. ಕೆಂಪು ಪಲ್ಲಟ ಎಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗಾಂತರ ಎಷ್ಟು ಉದ್ದವಾಯಿತು ಎಂಬ ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಹಿಂದಿನ ಕಾಲ.

ಅದನ್ನು ಅಂದಾಜಿಸಿದ್ದು ಕೆಲವೇ ಬಣ್ಣದ ಫಿಲ್ಟರ್‌ಗಳ ಮೂಲಕ ತೆಗೆದ ಚಿತ್ರಗಳಿಂದ. 2023ರಲ್ಲಿ ಬೆಳಕನ್ನು ಬಿಡಿಸಿ ರೋಹಿತ ತೆಗೆದಾಗ ನಿಜವಾದ ಪಲ್ಲಟ 4.9 ಎಂದು ತಿಳಿಯಿತು: ವಿಶ್ವಕ್ಕೆ ನೂರು ಕೋಟಿ ವರ್ಷ ಆಗಲೇ ದಾಟಿತ್ತು. ತಪ್ಪಿದ್ದು ಹೀಗೆ. ಆ ಗೆಲಾಕ್ಸಿಯಲ್ಲಿ ಧೂಳಿತ್ತು. ಆಕ್ಸಿಜನ್ ಮತ್ತು ಹೈಡ್ರೋಜನ್ ಅನಿಲಗಳ ಪ್ರಬಲ ಹೊಳಪು ರೇಖೆಗಳು ಸರಿಯಾಗಿ ಉದ್ದ ತರಂಗಾಂತರದ ಫಿಲ್ಟರ್‌ಗಳೊಳಗೆ ಬಿದ್ದು ಅವುಗಳ ಹೊಳಪನ್ನು ಎತ್ತಿದವು. ಆಗ ಗಿಡ್ಡ ತರಂಗಾಂತರದ ಕಡೆಗೆ ಬೆಳಕು ಥಟ್ಟನೆ ನಿಂತುಹೋದಂತೆ ಕಂಡಿತು. ತೀರಾ ದೂರದ ಗೆಲಾಕ್ಸಿಯಲ್ಲೂ ಬೆಳಕು ಹೀಗೆಯೇ ನಿಲ್ಲುತ್ತದೆ. ಹತ್ತಿರದ್ದೂ ಇರಬಹುದೆಂಬ ಎಚ್ಚರಿಕೆ 2022ರಲ್ಲೇ ಕೆಲವು ಪ್ರಬಂಧಗಳಲ್ಲಿ ಬಂದಿತ್ತು.

ಮೊದಲ ಅಂದಾಜನ್ನು ಪ್ರಕಟಿಸಿದ ಪ್ರಬಂಧವನ್ನು ಒಪ್ಪಿದವರೂ ಹೆಸರಿಸಿದರು, ಪರೀಕ್ಷಿಸಿದವರೂ ಹೆಸರಿಸಿದರು, ಅಲ್ಲಗಳೆದವರೂ ಹೆಸರಿಸಿದರು. ಎಣಿಕೆಗೆ ಎಲ್ಲವೂ ಒಂದೇ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆ ಪ್ರಬಂಧದಲ್ಲಿ ಬೇರೆ ಹಲವು ಗೆಲಾಕ್ಸಿಗಳ ಲೆಕ್ಕವಿದೆ, ಅದರ ಉಪಯೋಗ ಮುಗಿದಿಲ್ಲ. ವಿಜ್ಞಾನ ತಿದ್ದಿಕೊಳ್ಳುವುದು ಹೀಗೆಯೇ. ಆದರೆ ಉಲ್ಲೇಖ ಹೆಚ್ಚು ಎಂಬ ಒಂದೇ ಕಾರಣಕ್ಕೆ ಫಲಿತಾಂಶವನ್ನು ನಿಜವೆಂದುಕೊಳ್ಳಬಾರದು.

## ತಡವಾಗಿ ಬಂದದ್ದು, ಬಾರದೇ ಹೋದದ್ದು

1933ರಲ್ಲಿ ಫ್ರಿಟ್ಸ್ ಜ್ವಿಕಿ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗ ನೋಡಿದರು. ಕಾಣುವ ದ್ರವ್ಯವಷ್ಟೇ ಇದ್ದರೆ ಆ ವೇಗಕ್ಕೆ ಗುಚ್ಛ ಚೆದುರಿಹೋಗಬೇಕಿತ್ತು. ಕಾಣದ ದ್ರವ್ಯ ಬಹಳಷ್ಟಿರಬೇಕು ಎಂದು ಸ್ವಿಸ್ ನಿಯತಕಾಲಿಕವೊಂದರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದರು. ದಶಕಗಳ ಕಾಲ ಅದನ್ನು ಹೆಸರಿಸಿದವರು ಬಹಳ ಕಡಿಮೆ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವಿಕೆಯನ್ನು ಅಳೆದರು. 1980ರಲ್ಲಿ ನಾರ್ಬರ್ಟ್ ಥೊನಾರ್ಡ್ ಜತೆ 21 ಸುರುಳಿ ಗೆಲಾಕ್ಸಿಗಳಲ್ಲಿ ಅಂಚಿನವರೆಗೂ ವೇಗ ತಗ್ಗುವುದಿಲ್ಲ ಎಂದು ತೋರಿಸಿದರು. ಅಂಚಿನಲ್ಲೂ ಅಷ್ಟು ವೇಗ ಇರಬೇಕಾದರೆ ಕಾಣದ ದ್ರವ್ಯ ಬೇಕು. ರೇಡಿಯೊ ಅಳತೆಗಳೂ ಅದೇ ಕಾಲದಲ್ಲಿ ಅದನ್ನೇ ಹೇಳಿದವು. ಕಾಣದ ಈ ‘ಕಪ್ಪು ದ್ರವ್ಯ’ ಒಪ್ಪಿತವಾದ ಮೇಲೆಯೇ ಜ್ವಿಕಿಯ ಪ್ರಬಂಧದ ಎಣಿಕೆ ಏರಿದ್ದು. ಬರೆದು ಐದು ವರ್ಷದಲ್ಲಿ ಅಳೆದಿದ್ದರೆ ಅದು ವಿಫಲ ಪ್ರಬಂಧ.

ಇದಕ್ಕೆ ತಿರುವುಮುರುವಾದದ್ದೂ ಇದೆ. ಕೆಲಸ ಪಠ್ಯಪುಸ್ತಕ ಸೇರಿದ ಮೇಲೆ ಮೂಲವನ್ನು ಯಾರೂ ಹೆಸರಿಸುವುದಿಲ್ಲ. ವಿಶ್ವ ಹಿಗ್ಗುವ ವೇಗವನ್ನು ಹೇಳುವ ಎಡ್ವಿನ್ ಹಬಲ್ ಅವರ ಸ್ಥಿರಾಂಕವನ್ನು ದಿನವೂ ಬಳಸುವವರಲ್ಲಿ 1929ರ ಅವರ ಪ್ರಬಂಧವನ್ನು ಆಕರಪಟ್ಟಿಗೆ ಹಾಕುವವರು ಕೆಲವರೇ.

ಇನ್ನು ಕೆಲವು ದುಡಿಮೆಗೆ ಎಣಿಕೆಯಲ್ಲಿ ಜಾಗವೇ ಕಡಿಮೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್‌ನಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿತು. ನೇರಳಾತೀತ ಕನ್ನಡಿಯ ಮೇಲೆ ತೆಳುವಾಗಿ ಏನಾದರೂ ಕೂತರೂ ಬೆಳಕು ನಷ್ಟ, ಹಾಗಾಗಿ ಆ ಕೆಲಸ ಅತಿ ಶುಚಿಯಾದ ಕೋಣೆಯಲ್ಲೇ ಆಗಬೇಕು. ಅದರ ಚಿತ್ರಗಳ ಸ್ಫುಟತೆ ಹಿಂದಿನ ಗ್ಯಾಲೆಕ್ಸ್ ಉಪಗ್ರಹದ್ದಕ್ಕಿಂತ ಸುಮಾರು ಮೂರು ಪಟ್ಟು. ಆ ಚಿತ್ರಗಳಿಂದ ಗೆಲಾಕ್ಸಿಗಳ ಬಗ್ಗೆ ಇಂದು ಪ್ರಬಂಧ ಬರೆಯುವವರಿಗೆ ಉಲ್ಲೇಖ ಸಿಗುತ್ತದೆ. ಅಷ್ಟು ವರ್ಷ ಕನ್ನಡಿ, ಶೋಧಕಗಳೊಂದಿಗೆ ಕಳೆದವರಿಗೆ ಸಿಗುವುದು ಉಪಕರಣ ವಿವರಿಸಿದ ಒಂದೆರಡು ಪ್ರಬಂಧಗಳಿಂದ ಮಾತ್ರ. ಇಂಥವರನ್ನು ಎಚ್-ಸೂಚ್ಯಂಕದಿಂದ ಅಳೆಯುವುದು ಸರಿಯಲ್ಲ.

## ನೀವೇ ನೋಡಬೇಕೆಂದರೆ

ಖಗೋಳ ವಿಜ್ಞಾನಕ್ಕೆ ನಾಸಾದ ಎಡಿಎಸ್ ಎಂಬ ಉಚಿತ ಹುಡುಕು ತಾಣವಿದೆ. ಹಾರ್ವರ್ಡ್–ಸ್ಮಿತ್ಸೋನಿಯನ್ ಕೇಂದ್ರ ನಡೆಸುತ್ತದೆ. ಲೇಖಕರ ಹೆಸರು ಕೊಟ್ಟು ಹುಡುಕಿ. ಎಡಬದಿಯಲ್ಲಿ ಪರಿಶೀಲನೆಯಾದವನ್ನು ಮಾತ್ರ ಉಳಿಸುವ ಆಯ್ಕೆ ಒತ್ತಿ. ಸಮ್ಮೇಳನದ ಸಾರಾಂಶಗಳು, ದೂರದರ್ಶಕದ ಅರ್ಜಿಗಳು ಬಿದ್ದುಹೋಗುತ್ತವೆ. ಬಳಿಕ ಹೆಸರಿನ ಮುಂದೆ ^ ಚಿಹ್ನೆ ಹಾಕಿ ಮತ್ತೆ ಹುಡುಕಿ: ಈಗ ಸಿಗುವುದು ಅವರು ಮೊದಲ ಲೇಖಕರಾಗಿರುವವು ಮಾತ್ರ. ಎರಡು ಪಟ್ಟಿಗಳ ನಡುವಿನ ಅಂತರವೇ ತುಂಬ ಹೇಳುತ್ತದೆ. ಅಳತೆಗಳ ಪುಟ ತೆರೆದರೆ ಎಚ್-ಸೂಚ್ಯಂಕದ ಜತೆ, ಲೇಖಕರ ಸಂಖ್ಯೆಯಿಂದ ಭಾಗಿಸಿದ ಉಲ್ಲೇಖ, ಟೋರಿ ಎಂಬ ಅಳತೆಯೂ ಇರುತ್ತವೆ. ಟೋರಿ ಸ್ವಂತ ಉಲ್ಲೇಖಗಳನ್ನು ಕಳೆದು, ಲೇಖಕರ ಸಂಖ್ಯೆಯಿಂದಲೂ ಹೆಸರಿಸಿದ ಪ್ರಬಂಧದ ಆಕರಪಟ್ಟಿಯ ಉದ್ದದಿಂದಲೂ ಭಾಗಿಸುತ್ತದೆ.

ಗೂಗಲ್ ಸ್ಕಾಲರ್‌ನಲ್ಲಿ ಅದೇ ವ್ಯಕ್ತಿಯ ಅಂಕಿ ಹೆಚ್ಚಿದ್ದರೆ ಗಾಬರಿ ಬೇಡ; ಅದು ಪಿಎಚ್‌ಡಿ ಪ್ರಬಂಧಗಳು, ವರದಿಗಳಲ್ಲಿನ ಹೆಸರನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆಯ್ದ ಪ್ರಕಟಣೆಗಳನ್ನಷ್ಟೇ ಎಣಿಸುತ್ತದೆ. ಇಬ್ಬರನ್ನು ಹೋಲಿಸುವಾಗ ಇಬ್ಬರದ್ದೂ ಒಂದೇ ಮೂಲದಿಂದ ಬಂದಿರಬೇಕು.

ದಕ್ಷಿಣ ಭಾರತದ ಹೆಸರುಗಳಲ್ಲಿ ಒಂದು ವಿಶೇಷ ತೊಡಕಿದೆ. ಕೊನೆಯ ಹೆಸರು ಒಮ್ಮೆ ತಂದೆಯದ್ದು, ಒಮ್ಮೆ ಊರಿನದ್ದು, ಒಮ್ಮೆ ಬರೀ ಇನಿಶಿಯಲ್. ಒಬ್ಬರೇ ಮೂರು ರೀತಿಯಲ್ಲಿ ದಾಖಲಾಗಿರುತ್ತಾರೆ; ‘ಎಸ್. ಕುಮಾರ್’, ‘ಎನ್. ರಾವ್’ ಎಂದು ಹುಡುಕಿದರೆ ಹತ್ತಾರು ಜನರ ಪ್ರಬಂಧಗಳು ಒಂದಾಗಿ ಬರುತ್ತವೆ. ಮದುವೆಯ ನಂತರ ಹೆಸರು ಬದಲಿಸಿಕೊಂಡವರ ಹಳೆಯ ಕೆಲಸ ಬೇರೆಯವರದ್ದೆಂಬಂತೆ ಉಳಿಯುತ್ತದೆ. 2012ರಿಂದ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತಿದೆ. ವಿಜ್ಞಾನಿ ಅದನ್ನು ಪಡೆದು ತಮ್ಮ ಪ್ರಬಂಧಗಳಿಗೆ ಜೋಡಿಸಿದ್ದರೆ ಹೆಸರಿನ ಬದಲು ಆ ಸಂಖ್ಯೆಯಿಂದಲೇ ಎಡಿಎಸ್‌ನಲ್ಲಿ ಹುಡುಕಬಹುದು. ಸಂಶೋಧನೆ ಈಗಷ್ಟೇ ಶುರು ಮಾಡಿದ ವಿದ್ಯಾರ್ಥಿಗಳು ಮೊದಲ ಪ್ರಬಂಧ ಸಲ್ಲಿಸುವ ಮುನ್ನವೇ ಅದನ್ನು ಮಾಡಿಸಿಕೊಂಡು, ಹೆಸರಿನ ಒಂದು ರೂಪವನ್ನು ಆರಿಸಿ, ಮುಂದೆ ಎಲ್ಲ ಕಡೆ ಅದನ್ನೇ ಬಳಸಬೇಕು.